ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮನೆಯಲ್ಲಿ ಏನು ಮಾಡಬೇಕೆಂದು ಹೇಳುವವರು ಯಾರು?

ಮಾನ್ಯ ಸಂಪಾದಕರೇ,

ನಾಲ್ಕು ಜನರ ಮುಂದೆ ಹೇಳಲು ಹಿಂಜರಿಯುವ ಕಾಯಿಲೆಯೊಂದರ ಬಗ್ಗೆ ಈ ಪತ್ರ. ಹತ್ತು ಹನ್ನೆರಡು ವರ್ಷ ಮುಲಾಮು, ಮಜ್ಜಿಗೆ, ನಾಟಿ ಮದ್ದುಗಳಲ್ಲಿ ಕಾಲ ತಳ್ಳಿದ ನನ್ನ ಮೂಲವ್ಯಾಧಿ, ಹೊರಬಂದ ಗಡ್ಡೆಯನ್ನು ಕೈಯಿಂದಲೇ ಒಳಕ್ಕೆ ತಳ್ಳಬೇಕಾದ ಮೂರನೆಯ ಹಂತ ಮುಟ್ಟಿತ್ತು. ಕಳೆದ ಜುಲೈ ಕೊನೆಯ ವಾರದಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ವೈದ್ಯರ ಕೈಗುಣದ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಆದರೆ ಕತ್ತರಿಸುವ ಕೆಲಸ ಮುಕ್ಕಾಲು ಗಂಟೆಯೊಳಗೆ ಮುಗಿದರೆ, ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕು, ಮತ್ತು ಆ ವಾರಗಳನ್ನು ರೋಗಿ ಕಳೆಯುವುದು ಆಸ್ಪತ್ರೆಯಲ್ಲಲ್ಲ, ತನ್ನ ಮನೆಯ ಬಚ್ಚಲಿನಲ್ಲಿ.

ಮೂರನೆಯ ದಿನ ಬಿಡುಗಡೆಯ ಚೀಟಿ ಕೈಗೆ ಬಂತು. ಪೂರ್ತಿ ಇಂಗ್ಲಿಷ್, ಅದರಲ್ಲೂ ಅರ್ಧ ಸಂಕ್ಷೇಪಾಕ್ಷರಗಳು. ‘ಸಿಟ್ಜ್ ಬಾತ್ ಟಿಡಿಎಸ್’ ಎಂಬ ಸಾಲನ್ನು ಎಷ್ಟು ಸಲ ಓದಿದರೂ ತಲೆಬುಡ ತಿಳಿಯಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ ಗೊತ್ತಿದ್ದ ಟಿಡಿಎಸ್ ಒಂದೇ, ಅದು ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆ. ದಿನಕ್ಕೆ ಮೂರು ಬಾರಿ ಬೆಚ್ಚಗಿನ ನೀರಿನಲ್ಲಿ ಕುಳಿತುಕೊಳ್ಳಿ ಎಂಬುದು ಅದರ ಅರ್ಥವೆಂದು ಬಿಡಿಸಿ ಹೇಳಿದವರು ನಮ್ಮ ಊರಿನ ಔಷಧ ಅಂಗಡಿಯವರು. ಓದು ಬರಹ ಬಲ್ಲ ನನ್ನ ಪಾಡೇ ಹೀಗಾದರೆ, ತೋಟದ ಲೈನ್‌ಮನೆಯಲ್ಲಿರುವ ಕೂಲಿ ಕಾರ್ಮಿಕರು ಆ ಚೀಟಿ ಹಿಡಿದು ಏನು ಮಾಡಬೇಕು?

ಮೈಸೂರಿನಿಂದ ಸೋಮವಾರಪೇಟೆ ಕಡೆಗೆ ಮೂರು ಗಂಟೆಗೂ ಮೀರಿದ ಪ್ರಯಾಣ. ಪಕ್ಕದ ಮನೆಯವರ ಓಮ್ನಿಯ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿ ಬಂದೆ. ಕುಶಾಲನಗರ ದಾಟಿದ ಮೇಲಿನ ಒಂದೊಂದು ಗುಂಡಿಯೂ ಎಲ್ಲಿದೆಯೆಂದು ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ.

ಮನೆಗೆ ಬಂದ ಮೇಲೆ ಎದುರಾಗುವ ದೊಡ್ಡ ಹೆದರಿಕೆ ಮೊದಲ ಮಲವಿಸರ್ಜನೆಯದು. ನೋವಿನ ಭಯಕ್ಕೆ ರೋಗಿ ಊಟ ಕಡಿಮೆ ಮಾಡುತ್ತಾನೆ, ನೀರು ಕಡಿಮೆ ಕುಡಿಯುತ್ತಾನೆ, ಬಂದದ್ದನ್ನು ತಡೆದುಕೊಳ್ಳುತ್ತಾನೆ. ನಾನು ಮಾಡಿದ್ದೂ ಅದನ್ನೇ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹಸಿ ಗಾಯವನ್ನು ಉಜ್ಜಿಕೊಂಡು ಬರುತ್ತದೆ, ಆ ನೋವಿಗೆ ಗುದದ ಸ್ನಾಯು ಬಿಗಿದುಕೊಂಡು ಮುಂದಿನ ಸಲಕ್ಕೆ ಭಯ ಇಮ್ಮಡಿಯಾಗುತ್ತದೆ. ನೋವು ಬರಲಿ ಆಮೇಲೆ ನೋಡೋಣ ಎನ್ನದೆ ಮಾತ್ರೆಯನ್ನು ಗಡಿಯಾರ ನೋಡಿ ನುಂಗಬೇಕು, ಮಲ ಮೆದುಗೊಳಿಸುವ ಸಿರಪ್ಪನ್ನು ಮೊದಲ ದಿನದಿಂದಲೇ ಕುಡಿಯಬೇಕು, ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳು ತಾವೇ ಮಲಬದ್ಧತೆ ತರುತ್ತವೆ ಎಂಬ ಮೂರು ಮಾತುಗಳನ್ನು ಹೊರಡುವ ಮುಂಚೆ ಯಾರಾದರೂ ಹೇಳಿದ್ದರೆ ನನ್ನ ಆ ನಾಲ್ಕನೆಯ ದಿನದ ಬೆಳಗ್ಗೆ ಬೇರೆಯೇ ಆಗಿರುತ್ತಿತ್ತು. ಕಮೋಡಿನ ಮುಂದೆ ಸಣ್ಣ ಮಣೆಯೊಂದನ್ನಿಟ್ಟು ಕಾಲನ್ನು ಎತ್ತರಿಸಿಕೊಂಡರೆ ತಿಣುಕುವ ಶ್ರಮ ಕಡಿಮೆಯಾಗುತ್ತದೆ ಎಂಬುದು ನನಗೆ ತಿಳಿದದ್ದು ಎರಡನೆಯ ವಾರದಲ್ಲಿ.

ಬೆಚ್ಚಗಿನ ನೀರು ಆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಹತ್ತು ಹದಿನೈದು ನಿಮಿಷ ಕುಳಿತರೆ ಸಾಕು, ಅದಕ್ಕೆ ಡೆಟ್ಟಾಲನ್ನೋ ಮತ್ತೊಂದನ್ನೋ ಸುರಿಯುವ ಅಗತ್ಯವಿಲ್ಲ, ಸುರಿದರೆ ಉರಿ ಹೆಚ್ಚೀತು. ಪೇಟೆಯವರಿಗೆ ಗೀಸರ್ ತಿರುಗಿಸಿದರೆ ಮುಗಿಯಿತು. ನಮ್ಮಲ್ಲಿ ಮಳೆಗಾಲವೆಂದರೆ ವಿದ್ಯುತ್ ಹೋಗಿ ಎರಡು ಮೂರು ದಿನ ಬಾರದಿರುವುದು ಹೊಸತಲ್ಲ. ಬಚ್ಚಲ ಒಲೆಗೆ ಒದ್ದೆ ಸೌದೆ ಒಟ್ಟಿ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ನನ್ನ ಹೆಂಡತಿ ದಿನಕ್ಕೆ ಮೂರು ನಾಲ್ಕು ಸಲ ಹಂಡೆ ಕಾಯಿಸಿದಳು. ಗಾಯವನ್ನು ಹೊಲಿಯದೆ ತೆರೆದೇ ಬಿಡುವ ವಿಧಾನದಲ್ಲಿ ಕೆಲವು ವಾರ ನೀರಿನಂಥ ಸ್ರಾವ ಇದ್ದೇ ಇರುತ್ತದೆ. ಅದಕ್ಕೆ ಬಟ್ಟೆ ಇಡೋಣವೆಂದರೆ ಕೊಡಗಿನ ಆಷಾಢದಲ್ಲಿ ಒಗೆದ ಬಟ್ಟೆ ಒಣಗುವುದಾದರೂ ಎಲ್ಲಿ? ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿದ ಬಟ್ಟೆಗೆ ಹೊಗೆಯ ವಾಸನೆ, ಒಣಗದ್ದಕ್ಕೆ ಮುಗ್ಗಲು ವಾಸನೆ. ಕೊನೆಗೆ ಮಗಳು ತಾನು ಬಳಸುವ ಪ್ಯಾಡಿನ ಕಟ್ಟನ್ನು ಮಾತಿಲ್ಲದೆ ತಂದು ನನ್ನ ಹಾಸಿಗೆಯ ಪಕ್ಕ ಇಟ್ಟುಹೋದಳು. ಗಂಡಸರೂ ಅದನ್ನು ಬಳಸಬಹುದು, ಬಳಸಬೇಕು ಎಂದು ಚೀಟಿಯಲ್ಲಿ ಒಂದು ಸಾಲು ಇದ್ದಿದ್ದರೆ ಆ ಮಗುವಿಗೆ ಅಷ್ಟು ಸಂಕೋಚವಾಗುತ್ತಿರಲಿಲ್ಲ.

ಊಟದ ವಿಷಯಕ್ಕೆ ಬಂದರೆ ನಮ್ಮದು ಅಕ್ಕಿಯ ನಾಡು. ಬೆಳಗ್ಗೆ ಒಟ್ಟಿ ಎಂಬ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ನೆಂಟರು ಬಂದರೆ ಕಡಂಬುಟ್ಟು ಎಂಬ ಅಕ್ಕಿ ಕಡುಬು ಮತ್ತು ಹಂದಿ ಸಾರು. ನಾರಿನಂಶವೆಂಬುದು ಇದರಲ್ಲಿ ಅತ್ಯಲ್ಪ, ಬೇಕಾಗಿರುವುದು ದಿನಕ್ಕೆ 25ರಿಂದ 30 ಗ್ರಾಂ. ರಾಗಿ, ಹೆಸರುಕಾಳು, ಹಿತ್ತಲಿನ ಕೆಸುವಿನ ಸೊಪ್ಪು, ಬಾಳೆಹಣ್ಣು, ಪರಂಗಿ ಇವೆಲ್ಲ ಕೈಗೆಟಕುವಲ್ಲೇ ಇವೆ. ನೋಡಲು ಬಂದವರಲ್ಲಿ ಒಬ್ಬರು ಕಣಿಲೆ (ಎಳೆ ಬಿದಿರು) ಉಷ್ಣ ಎಂದರು, ಇನ್ನೊಬ್ಬರು ಬಾಳೆಹಣ್ಣು ಶೀತ ಎಂದರು. ಇಬ್ಬರ ಮಾತನ್ನೂ ಕೇಳಿದ್ದರೆ ಗಂಜಿ ಒಂದೇ ಉಳಿಯುತ್ತಿತ್ತು. ಇಸಬ್‌ಗೋಲನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಸುಮ್ಮನಾದರೆ ಅದು ಒಳಗೆ ಅಂಟಾಗಿ ಮತ್ತಷ್ಟು ಕಟ್ಟಿಕೊಳ್ಳುತ್ತದೆ, ದೊಡ್ಡ ಲೋಟದ ತುಂಬ ನೀರು ಜೊತೆಗೇ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಈ ಪತ್ರ ಬರೆಯಲೇಬೇಕೆನಿಸಿದ್ದು ಕಕ್ಕಡ 18ರ, ಅಂದರೆ ಕೊಡಗಿನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು ತಿನ್ನುವ ದಿನದ, ಮರುದಿನ. ಆಗಸ್ಟ್ 3ರಂದು ಮನೆಯಲ್ಲಿ ಎಂದಿನಂತೆ ಮದ್ದುಸೊಪ್ಪಿನ ಪಾಯಸ ಮಾಡಿದ್ದರು, ನಾನೂ ಒಂದು ಬಟ್ಟಲು ತಿಂದೆ. ನಸುಕಿನಲ್ಲಿ ಎದ್ದು ನೋಡಿದರೆ ಕಮೋಡಿನ ನೀರೆಲ್ಲ ಕೆಂಪು. ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುವುದು ಕೊಡಗಿನ ಮಕ್ಕಳಿಗೂ ಗೊತ್ತು, ಆದರೆ ಗಾಯದ ಭಯದಲ್ಲಿದ್ದ ನನಗೆ ಹೊಳೆಯಲಿಲ್ಲ. ರಕ್ತ ಸುರಿಯುತ್ತಿದೆಯೆಂದು ಮನೆಮಂದಿಯನ್ನೆಲ್ಲ ಎಬ್ಬಿಸಿದೆ. ಮಗ 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಹುಡುಕುತ್ತ ಮಳೆಯಲ್ಲಿ ರಸ್ತೆಯವರೆಗೆ ಓಡಿದ. ಒಲೆಯ ಮುಂದಿದ್ದ ನನ್ನ ತಾಯಿ, ‘ನಿನ್ನೆ ಪಾಯಸ ತಿಂದದ್ದು ಮರೆತುಹೋಯಿತಾ?’ ಎಂದು ಕೇಳಿದ ಮೇಲೆಯೇ ಮನೆ ತಣ್ಣಗಾದದ್ದು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಾರದ ನಂತರ ತಪಾಸಣೆಗೆ ಹೋದಾಗ ವೈದ್ಯರು ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. ಮೊದಲ ಕೆಲವು ದಿನ ಮಲದ ಜೊತೆ ಹನಿ ರಕ್ತ ಕಾಣುವುದು ಸಹಜ. ಆದರೆ ಏಳರಿಂದ ಹದಿನಾಲ್ಕನೆಯ ದಿನದ ನಡುವೆ, ಎಲ್ಲ ಸರಿಹೋಯಿತೆಂದು ರೋಗಿ ಓಡಾಡತೊಡಗಿದಾಗ, ಕೆಲವರಿಗೆ ಗಾಯದಿಂದ ಮತ್ತೆ ಜೋರಾಗಿ ರಕ್ತಸ್ರಾವ ಆಗುವುದುಂಟು. ಗಡ್ಡೆಗಟ್ಟಿದ ರಕ್ತ ಬಿದ್ದರೆ, ನಿಲ್ಲದೆ ಹರಿದರೆ, ತಲೆ ತಿರುಗಿದರೆ, ಜ್ವರದೊಂದಿಗೆ ನೋವು ಇಳಿಯುವ ಬದಲು ಏರಿದರೆ ಅಥವಾ ಮೂತ್ರ ಕಟ್ಟಿಕೊಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನಾನು ಗಾಬರಿಯಾದದ್ದು ಸರಿಯಾಗಿ ಆ ಅವಧಿಯಲ್ಲೇ, ಆದರೆ ಯಾವ ಕೆಂಪಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ನನ್ನ ಬಳಿಯಿದ್ದ ಚೀಟಿಯಲ್ಲಿ ಎಲ್ಲೂ ಇರಲಿಲ್ಲ.

ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರನ್ನು ಕೋರಿದ್ದರು. ನನ್ನ ಮಟ್ಟಿಗೆ ಮಾತ್ರೆಯ ಹೆಸರು ಯಾವ ಲಿಪಿಯಲ್ಲಿದ್ದರೂ ನಡೆದೀತು, ಅಂಗಡಿಯವರು ಓದಿಕೊಳ್ಳುತ್ತಾರೆ. ಮನೆಯಲ್ಲಿ ರೋಗಿ ಸ್ವತಃ ಓದಬೇಕಾದ ಸೂಚನೆಗಳು ಕನ್ನಡದಲ್ಲಿರುವುದು ಅದಕ್ಕಿಂತ ತುರ್ತಿನದು. ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಇಂಥದ್ದೊಂದು ಹಾಳೆಯನ್ನು ಸಿದ್ಧಪಡಿಸಿ, ಜಿಲ್ಲೆಯ ಐದೂ ತಾಲ್ಲೂಕುಗಳ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳಿಗೆ ತಲುಪಿಸಲು ಹೆಚ್ಚಿನ ಹಣವೇನೂ ಬೇಡ. ಬಿಡುಗಡೆಯ ಹೊತ್ತಿನಲ್ಲಿ ದಾದಿಯೊಬ್ಬರು ಹತ್ತು ನಿಮಿಷ ಕುಳಿತು ಅದನ್ನು ರೋಗಿಗೂ ಆರೈಕೆ ಮಾಡುವವರಿಗೂ ಓದಿ ಹೇಳಲಿ. ಎರಡನೆಯ ವಾರದಲ್ಲಿ ಊರಿನ ಆಶಾ ಕಾರ್ಯಕರ್ತೆ ಒಮ್ಮೆ ವಿಚಾರಿಸುವ ವ್ಯವಸ್ಥೆಯೂ ಆಗಲಿ, ಆ ಹೆಚ್ಚುವರಿ ಕೆಲಸಕ್ಕೆ ಅವರಿಗೆ ತಕ್ಕ ಗೌರವಧನವನ್ನೂ ಕೊಡಲಿ.

ಕೊನೆಯದಾಗಿ ಒಂದು ಕೋರಿಕೆ. ದಯವಿಟ್ಟು ಈ ಪತ್ರದ ಕೆಳಗೆ ನನ್ನ ಹೆಸರನ್ನು ಪ್ರಕಟಿಸಬೇಡಿ. ಸಂಕೋಚ ಬಿಡಬೇಕೆಂದು ಇಷ್ಟುದ್ದ ಬರೆದವನು ಹೆಸರು ಮರೆಮಾಚುವುದು ಸರಿಯಲ್ಲವೆಂದು ನನಗೂ ಗೊತ್ತು, ಆದರೆ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ.

ನಿವೃತ್ತ ಶಿಕ್ಷಕ, ಸೋಮವಾರಪೇಟೆ ತಾಲ್ಲೂಕು