ಗೀರಿಲ್ಲದ ಡಿಸ್ಕ್

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ‘ಮೆಟ್ರೊಪೊಲಿಸ್’ ಮೂಕಿ ಚಿತ್ರದ ಬ್ಲೂ-ರೇ ಡಿಸ್ಕ್ – ಡಬ್ಬಿಯ ಮೇಲೊಂದು, ಒಳಗೊಂದು

ಮಾನ್ಯರೇ,

ಕಳೆದ ತಿಂಗಳು ನಿಮ್ಮಿಂದ 2,450 ರೂಪಾಯಿಗೆ ತರಿಸಿಕೊಂಡ ಡಿಸ್ಕ್ ಕುರಿತು ಇದು ನನ್ನ ಮೂರನೆಯ ಪತ್ರ. ಮೊದಲೆರಡಕ್ಕೂ ಬಂದದ್ದು ಒಂದೇ ಉತ್ತರ: “ಡಿಸ್ಕ್‌ನಲ್ಲಿ ದೋಷವಿಲ್ಲ, ಚಿತ್ರದಲ್ಲಿ ಒಂದು ಗೀರೂ ಇಲ್ಲ.” ಸ್ವಾಮಿ, ನನ್ನ ದೂರೇ ಅದು. ಗೀರುಗಳು ಇರಬೇಕಿತ್ತು.

ಡಬ್ಬಿಯ ಮೇಲೆ ಅಚ್ಚಾಗಿರುವುದು: 2010ರ ಪ್ರತಿ, 148 ನಿಮಿಷ, ಸಂಗೀತ ಗಾಟ್‌ಫ್ರೀಡ್ ಹುಪರ್ಟ್ಸ್. 1927ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ಮೇಲೆ ಈ ಚಿತ್ರಕ್ಕೆ ಕತ್ತರಿ ಬಿತ್ತು. ಕತ್ತರಿಸಿದ ಭಾಗ ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಆ ಭಾಗದ ಬಹುಪಾಲು ಉಳಿದಿದ್ದ, 16 ಎಂ.ಎಂ. ಅಗಲದ ಕಿರು ಫಿಲ್ಮಿನ ಪ್ರತಿಯೊಂದು ಸಿಕ್ಕಿತು. ಸವೆದ ರೀಲಿನಿಂದ ತೆಗೆದ ನಕಲಾದ್ದರಿಂದ ಅದರ ಮೈತುಂಬ ಮಳೆ ಸುರಿದಂತೆ ಗೀರು. ಎಷ್ಟು ಶುಚಿ ಮಾಡಿದರೂ ಪೂರ್ತಿ ಹೋಗಲಿಲ್ಲ. ನಿಜವಾದ 2010ರ ಪ್ರತಿಯಲ್ಲಿ ಸುಮಾರು 25 ನಿಮಿಷದ ಆ ಭಾಗ ಬಂದಾಗಲೆಲ್ಲ ಗೀರು ಕಾಣುತ್ತದೆ, ಚೌಕಟ್ಟು ಕುಗ್ಗಿ ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ.

ನೀವು ಕಳುಹಿಸಿದ್ದು 124 ನಿಮಿಷಕ್ಕೇ ಮುಗಿಯಿತು. ಅದು 2001ರ ಪ್ರತಿಯ ಅವಧಿ. ಕಾರ್ಮಿಕ 11811 ಕುಳಿತ ಕಾರು ಮೋಜಿನ ತಾಣ ಯೋಶಿವಾರದತ್ತ ತಿರುಗುವುದಿಲ್ಲ. ತೀರಿಹೋದ ಹೆಲ್‌ಳ ಕಲ್ಲಿನ ಮುಖದೆದುರು, ಅವಳನ್ನು ಪ್ರೀತಿಸಿದ್ದ ಇಬ್ಬರು ಎದುರುಬದುರಾಗುವುದೂ ಇಲ್ಲ. ಅಲ್ಲೆಲ್ಲ ಬರಹದ ಫಲಕ.

ಸಂಗೀತದ ಕಥೆ ಇದಕ್ಕಿಂತ ಕಡೆ. ಚೂರುಚೂರಾದ ಚಿತ್ರವನ್ನು ಜೋಡಿಸಿದವರಿಗೆ ದಾರಿ ತೋರಿಸಿದ್ದೇ ಹುಪರ್ಟ್ಸ್‌ನ ಸ್ವರಲಿಪಿಯಲ್ಲಿದ್ದ ದೃಶ್ಯಸೂಚನೆಗಳು. ನಿಮ್ಮ ಡಿಸ್ಕ್‌ನಲ್ಲಿ ಅದರ ಸುಳಿವೇ ಇಲ್ಲ. ಯಾರೋ ಕೀಬೋರ್ಡಿನ ಒಂದು ತುಣುಕನ್ನು ಮತ್ತೆ ಮತ್ತೆ ಅಂಟಿಸಿದ್ದಾರೆ. ನೀರು ನುಗ್ಗಿ ಮಕ್ಕಳು ನಾಯಕಿ ಮರಿಯಾಳತ್ತ ಕೈಚಾಚುವಾಗಲೂ ನಿಮ್ಮ ಗ್ರಾಹಕ ಸೇವೆಗೆ ಕರೆ ಮಾಡಿ ಕಾಯುವಾಗ ಕೇಳಿಸುವಂಥದೇ ಸ್ವರ! ಭಾನುವಾರ ಸಂಜೆ ಮಂಡಕ್ಕಿ, ಮೆಣಸಿನಕಾಯಿ ತರಿಸಿಟ್ಟುಕೊಂಡು ನೋಡಲು ಕುಳಿತಿದ್ದ ಏಳು ಜನರಲ್ಲಿ, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿದ ಮೇಷ್ಟರೊಬ್ಬರಿದ್ದರು. “ನಾನು ಹೀಗೆ ನುಡಿಸಿದ್ದರೆ ಮಾಲೀಕರು ಅಂದೇ ಪೆಟ್ಟಿಗೆ ಕಟ್ಟಿಸುತ್ತಿದ್ದರು” ಎಂದು ಅರ್ಧಕ್ಕೇ ಎದ್ದರು.

ನನ್ನ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮೂರು ಪಾಳಿಯಲ್ಲೂ ದುಡಿದವರು. ಈ ಚಿತ್ರದಲ್ಲಿ ತಲೆ ತಗ್ಗಿಸಿ ಸಾಲಾಗಿ ಪಾಳಿಗೆ ಹೋಗುವ ಆ ಕಾರ್ಮಿಕರನ್ನು ಸರಿಯಾದ ಸಂಗೀತದೊಂದಿಗೆ ಒಮ್ಮೆ ನೋಡಬೇಕೆಂದೇ ಇಷ್ಟು ಹಣ ಕೊಟ್ಟದ್ದು. ಇದು ನಿಮಗೆ ಸಂಬಂಧಪಟ್ಟ ವಿಷಯವಲ್ಲ, ಇರಲಿ.

ಹದಿನೈದು ದಿನಗಳೊಳಗೆ ಡಬ್ಬಿಯ ಮೇಲಿರುವ ಪ್ರತಿಯನ್ನೇ ಕಳುಹಿಸಿ, ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಿ. ವಾಪಸಾತಿಯ ಕೊರಿಯರ್ ವೆಚ್ಚ ನಿಮ್ಮದು. ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. ಡಬ್ಬಿ, ಬಿಲ್ಲು ಹಾಗೂ ಟಿ.ವಿ. ಪರದೆಯಲ್ಲಿ ಕಂಡ ಅವಧಿಯ ಫೋಟೊಗಳನ್ನು ಲಗತ್ತಿಸಿದ್ದೇನೆ.

ಬದಲಿ ಡಿಸ್ಕ್ ಕಳುಹಿಸುವ ಮೊದಲು ಯಾರಾದರೂ ಒಮ್ಮೆ ಹಾಕಿ ನೋಡಲಿ. ಗೀರು ಕಂಡರೆ ಮಾತ್ರ ಕಳುಹಿಸಿ.

ಇಂತಿ,
ನಿಮ್ಮ ಗ್ರಾಹಕ
ವಿನೋಬನಗರ, ದಾವಣಗೆರೆ