ಬೊಲಾರ್ಡ್ ತಡೆಯುವುದು ಕಾರನ್ನು, ಸ್ಕೂಟರನ್ನಲ್ಲ: ಗ್ರೇಟರ್ ಬೆಂಗಳೂರು ಪ್ರಾಧಿಕಾರದ (ಜಿಬಿಎ) ಮುಖ್ಯ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಪೀಣ್ಯದಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡಿರುವವನು ನಾನು. ಗೇಟು, ಗ್ರಿಲ್ಲುಗಳ ಜೊತೆಗೆ ಫುಟ್‌ಪಾತಿಗೂ ಪಾರ್ಕಿಂಗ್ ಜಾಗಕ್ಕೂ ಹಾಕುವ, ವಾಹನ ತಡೆಯುವ ಗಿಡ್ಡ ಕಂಬಗಳಾದ ಬೊಲಾರ್ಡ್‌ಗಳನ್ನು ಮಾಡಿಕೊಡುತ್ತೇನೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ಪಾಲಿಕೆಗಳು ಬಂದಿವೆ. ಐದು ಕಡೆಯೂ ಐದು ಥರದ ಟೆಂಡರ್ ಹೊರಡುವ ಮೊದಲು ಈ ಕಂಬಗಳಿಗೆ ಒಂದೇ ನಿಯಮ ಮಾಡಿ ಎಂದು ಕೇಳಲು ಬರೆಯುತ್ತಿದ್ದೇನೆ.

ಜನ ಬೊಲಾರ್ಡ್ ಕೇಳುವುದು ಯಾಕೆಂದು ತಮಗೂ ಗೊತ್ತು. ಸಿಗ್ನಲ್ ಕೆಂಪಾದ ತಕ್ಷಣ ಫುಟ್‌ಪಾತ್ ಹತ್ತುವ ಸ್ಕೂಟರ್‌ಗಳ ಕಾಟ. ಆದರೆ ಸ್ವಲ್ಪ ಟೇಪು ಹಿಡಿದು ನೋಡೋಣ. ಸಾಮಾನ್ಯ ಸ್ಕೂಟರಿನ ಹ್ಯಾಂಡಲ್ ಅಗಲ 700 ಮಿಲಿಮೀಟರ್ ಆಸುಪಾಸು. ಗಾಲಿಕುರ್ಚಿಯದೂ ಹೆಚ್ಚುಕಡಿಮೆ ಅಷ್ಟೇ, ಅದರ ಮೇಲೆ ಚಕ್ರ ತಳ್ಳುವ ಕೈಗಳಿಗೆ ಎರಡೂ ಬದಿ ಜಾಗ ಬೇಕು. ಗಾಲಿಕುರ್ಚಿ ದಾಟುವ ಸಂದಿಯಲ್ಲಿ ಸ್ಕೂಟರ್ ದಾಟಿಯೇ ದಾಟುತ್ತದೆ. ಸ್ಕೂಟರಿಗೆ ಆಗದಷ್ಟು ಬಿಗಿ ಮಾಡಿದರೆ ಗಾಲಿಕುರ್ಚಿಯವರೂ ಮಗುವಿನ ಗಾಡಿ ತಳ್ಳುವವರೂ ರಸ್ತೆಗಿಳಿಯಬೇಕು. ಇದಕ್ಕೆ ನನ್ನ ಶೆಡ್ಡಿನಲ್ಲಿ ಪರಿಹಾರವಿಲ್ಲ, ಯಾರ ಶೆಡ್ಡಿನಲ್ಲೂ ಇಲ್ಲ. ದೂರು ಬಂದಾಗಲೆಲ್ಲ ಎರಡು ಕಂಬದ ನಡುವೆ ಮೂರನೆಯದು ನೆಡಿಸುವುದರಿಂದ ನನಗೆ ವ್ಯಾಪಾರ ಆಗುತ್ತದೆ, ಅಷ್ಟೇ. ಸ್ಕೂಟರ್ ತಡೆಯುವುದು ಟ್ರಾಫಿಕ್ ಪೊಲೀಸರ ಮತ್ತು ಕ್ಯಾಮೆರಾದ ಕೆಲಸ. ಅದನ್ನು ಅವರಿಂದಲೇ ಮಾಡಿಸಿ.

ಬೊಲಾರ್ಡ್ ಮಾಡಬಲ್ಲ ಕೆಲಸ ಬೇರೆ. ಸಂದಿ 1200 ಮಿಲಿಮೀಟರ್ ಇಟ್ಟರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಆಟೋ ಸುಮಾರು 1300 ಅಗಲ, ಅದು ನುಗ್ಗದು. ಚಿಕ್ಕ ಕಾರೆನ್ನುವ ಆಲ್ಟೊ ಕೂಡ ಸುಮಾರು 1490 ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಪಾದಚಾರಿಗಳ ಹಕ್ಕನ್ನು ಸಂವಿಧಾನದ 21ನೇ ವಿಧಿಗೆ ಸೇರಿಸಿ ಹೇಳಿತು, ಆ ಫುಟ್‌ಪಾತ್ ಅಂಗವಿಕಲರಿಗೂ ಬಳಸುವಂತಿರಬೇಕು ಎಂದೂ ಹೇಳಿತು. ಹಾಗಾಗಿ 1200 ಎನ್ನುವುದನ್ನು ಗುತ್ತಿಗೆದಾರನ ಇಷ್ಟಕ್ಕೆ ಬಿಡುವಂತಿಲ್ಲ.

ಈಗ ಬುಡದ ವಿಷಯ. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ನಮ್ಮಲ್ಲಿ ಎಷ್ಟೋ ಕಡೆ ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಚಪ್ಪಡಿ. ಕೆಳಗೆ ನೀರು, ಪಕ್ಕದಲ್ಲಿ ಕರೆಂಟಿನ ಕೇಬಲ್ಲು. ಎರಡಡಿ ಅಗೆದು ಕಾಂಕ್ರೀಟ್ ತುಂಬಲು ನೆಲವೇ ಇರುವುದಿಲ್ಲ. ಆಗ ಕಂಬದ ಬುಡಕ್ಕೊಂದು ಪ್ಲೇಟು, ನಾಲ್ಕು ಆಂಕರ್ ಬೋಲ್ಟು, ಅದೂ ಟೈಲ್ಸಿನ ಕೆಳಗಿನ ತೆಳು ಗಾರೆಗೆ. ರಿವರ್ಸ್ ಬರುವ ಗೂಡ್ಸ್ ಆಟೋ ಒಮ್ಮೆ ತಾಗಿದರೆ ಟೈಲ್ಸ್ ಸಮೇತ ಕಿತ್ತು ಬರುತ್ತದೆ. ಕಂಬ ಹೋದ ಮೇಲೂ ಬೋಲ್ಟುಗಳು ನೆಲದಿಂದ ಒಂದಿಂಚು ಎದ್ದುಕೊಂಡೇ ಇರುತ್ತವೆ, ಎಡವಿ ಬೀಳುವವರಿಗಾಗಿ. ಟೋಪಿ ಕಳಚಿದ ಪೈಪಿನಲ್ಲಿ ಮಳೆನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಸೊಳ್ಳೆ ಮರಿಗಳಿಗೂ ಅನುಕೂಲ. ಸ್ಟೀಲ್ ಅಂತ ಬರೆದು ತುಕ್ಕು ಕಡಿಮೆ ಹಿಡಿಯುವ 304 ಗ್ರೇಡಿನ ದರ ಹಾಕಿ ಅಗ್ಗದ 202 ಗ್ರೇಡ್ ಕೊಡುವುದು ನಮ್ಮ ಕಸುಬಿನ ಹಳೇ ಚಾಳಿ. ಅಯಸ್ಕಾಂತ ಹಿಡಿದರೆ ವ್ಯತ್ಯಾಸ ಸಿಗುವುದಿಲ್ಲ, ಲ್ಯಾಬ್ ಪರೀಕ್ಷೆಯನ್ನೇ ಕೇಳಬೇಕು. ನನ್ನನ್ನು ಕೇಳಿದರೆ ಪಳಪಳಿಸುವ ಸ್ಟೀಲೇ ಬೇಡ. ದಪ್ಪ ಗೇಜಿನ ಎಂಎಸ್ (ಸಾದಾ ಉಕ್ಕಿನ) ಪೈಪು, ಅದಕ್ಕೆ ಗ್ಯಾಲ್ವನೈಸಿಂಗ್ ಎಂಬ ಸತುವಿನ ಲೇಪ, ಒಳಗೆ ಕಾಂಕ್ರೀಟು ಸಾಕು. ಗುಜರಿಗೂ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮೊಣಕಾಲೆತ್ತರದ ಕಲ್ಲಿನ ಗುಂಡುಗಳನ್ನು ದಯವಿಟ್ಟು ಕೈಬಿಡಿ. ಗುಂಪಿನಲ್ಲಿ ನಡೆಯುವವರಿಗೆ ಅವು ಕಾಣುವುದೇ ಇಲ್ಲ. ಕಂಬದಿಂದ ಕಂಬಕ್ಕೆ ಕಟ್ಟುವ ಸರಪಳಿ ಅದಕ್ಕಿಂತ ಕೆಟ್ಟದ್ದು: ಅಂಧರ ಕೋಲು ಸರಪಳಿಯ ಕೆಳಗೆ ಹಾದುಹೋಗುತ್ತದೆ, ಮುಂದೆ ಹೋಗುವ ಕಾಲು ಸಿಕ್ಕಿಕೊಳ್ಳುತ್ತದೆ. ಅವರಿಗಾಗಿಯೇ ಹಾಕಿದ ಉಬ್ಬುಗೆರೆಯ ಹಳದಿ ಟೈಲ್ಸಿನ ಮಧ್ಯದಲ್ಲೇ ಬೊಲಾರ್ಡ್ ನೆಟ್ಟಿರುವುದನ್ನೂ ನೋಡಿದ್ದೇನೆ. ಏನು ಹೇಳಬೇಕೋ!

ಚರ್ಚ್ ಸ್ಟ್ರೀಟಿನಂಥ ಜನಸಂದಣಿಯ ಜಾಗಗಳಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಬೇಕಾದದ್ದು ನಿಜವಾದ ಡಿಕ್ಕಿ ಪರೀಕ್ಷೆ ಪಾಸಾದ ಬೊಲಾರ್ಡ್. ಅಮೆರಿಕದ ಎಎಸ್‌ಟಿಎಂ ಮಾನದಂಡದಲ್ಲಿ ಎಂ30 ಅಂದರೆ ಸುಮಾರು 6.8 ಟನ್ ಟ್ರಕ್ಕು ಗಂಟೆಗೆ 48 ಕಿ.ಮೀ. ವೇಗದಲ್ಲಿ ಬಂದು ಗುದ್ದಿದರೂ ತಡೆಯಬೇಕು. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು, ಆದ್ದರಿಂದ ‘ಹೆವಿ ಡ್ಯೂಟಿ’ ಎಂಬ ಲೇಬಲ್ ನಂಬಬೇಡಿ, ಪರೀಕ್ಷಾ ವರದಿ ಕೇಳಿ. ಮೇಲೆ-ಕೆಳಗೆ ಸರಿಯುವ, ಮೋಟರಿನ ಬೊಲಾರ್ಡ್‌ಗಳ ಆಸೆಗೂ ಬೀಳಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸಿನ ಬರ್ಬನ್ ಸ್ಟ್ರೀಟಿನಲ್ಲಿ ಸರಿಸಬಹುದಾದ ಬೊಲಾರ್ಡ್‌ಗಳ ಹಳಿಗೆ ಹಬ್ಬದಲ್ಲಿ ಎಸೆಯುವ ಮಣಿಸರಗಳೇ ಸಿಕ್ಕಿ ಕೆಟ್ಟಿದ್ದವು. ಅವನ್ನು ಬದಲಿಸುವ ಕೆಲಸ ನಡೆಯುತ್ತಿರುವಾಗಲೇ, 2025ರ ಜನವರಿ 1ರಂದು ಪಿಕಪ್ ಟ್ರಕ್ ನುಗ್ಗಿ 14 ಜನ ಸತ್ತರು. ನಮ್ಮ ಮಳೆಗಾಲದ ಕೆಸರಿನ ಮುಂದೆ ಮಣಿಸರ ಯಾವ ಲೆಕ್ಕ? ಬೀಗ ತೆಗೆದು ಎತ್ತುವ ಕಂಬವೇ ವಾಸಿ. ಅದರ ಕೀ ಅಗ್ನಿಶಾಮಕ ಠಾಣೆಯಲ್ಲೂ ಒಂದು ಇರಬೇಕು, ಎಲ್ಲ ಕಂಬಕ್ಕೂ ಒಂದೇ ಕೀ ಆಗಬೇಕು.

ಬಹುಮಹಡಿ ಪಾರ್ಕಿಂಗಿನಲ್ಲಿ ಭಯ ಟ್ರಕ್ಕಿನದಲ್ಲ, ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತುವ ಕಾಲಿನದು. ಲಿಫ್ಟ್ ಬಾಗಿಲು, ಹಣ ಕಟ್ಟುವ ಕೌಂಟರ್, ಜನ ಹೊರಬರುವ ದಾರಿ, ಈ ಮೂರರ ಮುಂದೆ ಗಟ್ಟಿ ಬೊಲಾರ್ಡ್ ಸಾಕು. ಉಳಿದೆಡೆ ಚಕ್ರ ತಡೆಯುವ ದಿಂಡು ಹಾಕಿ. ಆದರೆ ಮಹಡಿಯ ಸ್ಲ್ಯಾಬಿಗೆ ಡ್ರಿಲ್ ಹಾಕುವ ಮೊದಲು ಅದು ಪೋಸ್ಟ್ ಟೆನ್ಷನ್ (ಒಳಗೆ ಉಕ್ಕಿನ ಕೇಬಲ್ ಬಿಗಿದ) ಸ್ಲ್ಯಾಬೇ ಎಂದು ಡ್ರಾಯಿಂಗ್ ತೆಗೆಸಿ ನೋಡಲಿ. ಒಳಗಿನ ಬಿಗಿದ ಕೇಬಲ್ಲು ಡ್ರಿಲ್ಲಿಗೆ ಸಿಕ್ಕಿದರೆ ಬೊಲಾರ್ಡ್ ಉಳಿದರೂ ಮಹಡಿಗೇ ಅಪಾಯ.

ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿ. ಬಿಲ್ ಪಾಸಾಗುವ ಮೊದಲು ಎಂಜಿನಿಯರ್ ಒಂದು ಗಾಲಿಕುರ್ಚಿ ತರಿಸಿ, ಅದನ್ನು ದಿನವೂ ಬಳಸುವವರನ್ನೇ ಕರೆಸಿ, ಪ್ರತಿ ಸಂದಿಯಲ್ಲೂ ದಾಟಿಸಿ ನೋಡಬೇಕು. ದಾಟಲಾಗದ ಕಡೆ ಕಂಬ ಕಿತ್ತು ಸರಿಯಾದ ಜಾಗದಲ್ಲಿ ನೆಟ್ಟ ಮೇಲೆಯೇ ದುಡ್ಡು, ಆ ಗುತ್ತಿಗೆ ನನ್ನದೇ ಆಗಿದ್ದರೂ.

ಇಂತಿ,
ಪೀಣ್ಯದ ಒಬ್ಬ ಫ್ಯಾಬ್ರಿಕೇಟರ್