ನನ್ನ ಐಟಿಐ ಸರ್ಟಿಫಿಕೇಟಿನಲ್ಲಿ ಇವರೆಲ್ಲರ ಪಾಲಿದೆ

ಎಲೆಕ್ಟ್ರಿಷಿಯನ್ ಟ್ರೇಡ್ ಪಾಸಾದೆ! ಮುಂದಿನ ತಿಂಗಳು ಅಪ್ರೆಂಟಿಸ್ ಆಗಿ ಸೇರುತ್ತಿದ್ದೇನೆ. ಫೋನ್ ಮಾಡಿ ಹರಸಿದವರೆಲ್ಲ ‘ಗಟ್ಟಿಗಿತ್ತಿ’ ಅಂದಿರಿ, ಮನಸ್ಸು ತುಂಬಿ ಬಂತು. ನನ್ನ ಬೆನ್ನಿಗೆ ಯಾರ್ಯಾರು ನಿಂತಿದ್ದರು ಅನ್ನುವುದನ್ನೂ ಹೇಳಬೇಕು.

ನಾವು ಯಾದಗಿರಿ ಕಡೆಯವರು. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ವರ್ತೂರಿನ ತಗಡಿನ ಶೆಡ್ಡೇ ಮನೆ. ಸರ್ಕಾರಿ ಐಟಿಐಯಲ್ಲಿ ಫೀಸು ಕಮ್ಮಿ, ಮೀಸಲಾತಿಯೂ ಇದೆ. ಆದರೆ ಸೀಟು ಕೇಳಲು ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಮ್ಮ ವಿಳಾಸ, ರೇಷನ್ ಕಾರ್ಡು ಎಲ್ಲವೂ ಊರಲ್ಲೇ. ಊರಲ್ಲಿದ್ದ ಕಾಕಾ ಹತ್ತಿ ಬಿತ್ತನೆ ಬಿಟ್ಟು ನಾಡಕಚೇರಿಗೆ ಮೂರು ಸಲ ಅಲೆದ. ಪ್ರಮಾಣಪತ್ರದ ಆರ್‌ಡಿ ನಂಬರ್ ಬಂದ ಕೂಡಲೇ ಫೋನಿನಲ್ಲಿ ಒಂದೊಂದೇ ಅಂಕಿ ಓದಿದ, ನಾನು ಸಿಮೆಂಟ್ ಚೀಲದ ಮೇಲೆ ಬರೆದುಕೊಂಡೆ. ಅವತ್ತು ರಾತ್ರಿ ಸೈಬರ್ ಸೆಂಟರ್ ಅಣ್ಣ ಅರ್ಧ ಶಟರ್ ಎಳೆದು, ಸರ್ವರ್ ಕೈಕೊಟ್ಟಾಗಲೆಲ್ಲ ಮತ್ತೆ ಮತ್ತೆ ಒತ್ತುತ್ತ, ನನ್ನ ಅರ್ಜಿ ಹಾಕಿಯೇ ಎದ್ದ. ಪ್ರಿಂಟಿನ ದುಡ್ಡೂ ತಗೊಳ್ಳಲಿಲ್ಲ. ಅಣ್ಣಾ, ಆ ರಾತ್ರಿಯನ್ನು ಮರೆಯಲಾರೆ.

ಅದಕ್ಕೂ ಮೊದಲು ಒಂದು ತರಬೇತಿ ಕೇಂದ್ರದಲ್ಲಿ ‘ಹೆಣ್ಣುಮಕ್ಕಳಿಗೆ ಟೈಲರಿಂಗ್ ಇದೆಯಲ್ಲಮ್ಮಾ’ ಅಂತ ಫಾರ್ಮೇ ಕೊಡದೆ ಕಳಿಸಿದ್ದರು. ಐಟಿಐಯಲ್ಲಿ ನಮಗೆ ಕೆಲಸ ಕಲಿಸುವ ಜೆಟಿಓ (ಕಿರಿಯ ತರಬೇತಿ ಅಧಿಕಾರಿ) ಸರ್ ಮೊದಲ ದಿನವೇ ಕೈಗೆ ಕಟಿಂಗ್ ಪ್ಲೇಯರ್ ಕೊಟ್ಟು, ‘ವೈರ್ ಸಿಪ್ಪೆ ಬಿಡಿಸು, ತಾಮ್ರಕ್ಕೆ ಗಾಯ ಆಗಬಾರದು’ ಅಂದರು. ಬ್ಯಾಚಿನಲ್ಲಿ ಹುಡುಗಿಯರು ಮೂವರೇ ಇದ್ದೆವು. ಮೆಟ್ಟಿಲು ದೀಪದ ವೈರಿಂಗ್ ಮಾಡಿದ ದಿನ ಕೆಳಗಿನ ಸ್ವಿಚ್ಚಿಗೆ ಹೊತ್ತಿದ ಬಲ್ಬು ಮೇಲಿನ ಸ್ವಿಚ್ಚಿಗೆ ಆರಿತು. ಅಷ್ಟಕ್ಕೇ ಕಣ್ಣಲ್ಲಿ ನೀರು. ಅಪ್ಪ ಎಷ್ಟು ಮನೆಗಳ ಮೆಟ್ಟಿಲು ಕಟ್ಟಿದ್ದಾನೋ! ಸರ್ ಏನೂ ಕೇಳದೆ ‘ಈಗ ಬಿಚ್ಚಿ ಮತ್ತೆ ಮಾಡು’ ಅಂದರು. ಸರ್, ಆ ಮಾತಿಗೆ ಕೈ ಮುಗಿಯುತ್ತೇನೆ.

2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾಯಿತು, ಅದೇ ವರ್ಷ ನಾನು ಸೇರಿದೆ. ವರ್ತೂರಿನಿಂದ ಹೊಸೂರು ರಸ್ತೆಯ ಐಟಿಐಗೆ ಎರಡು ಬಸ್ಸು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಬೇರೆ. ದಿನಾ ಟಿಕೆಟ್ಟಿಗೆ ದುಡ್ಡು ಹಾಕಬೇಕಿದ್ದರೆ ಅವ್ವ ಒಂದೇ ತಿಂಗಳಿಗೆ ಬಿಡಿಸುತ್ತಿದ್ದಳು. ಬೆಳಗ್ಗೆ ನಾಲ್ಕಕ್ಕೆದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿದವಳೂ ಅವಳೇ.

ಇಲಾಖೆಯವರಲ್ಲಿ ಒಂದು ಕೋರಿಕೆ. ಐಟಿಐ ಪ್ರವೇಶದ ಸುದ್ದಿಯನ್ನು ವೆಬ್‌ಸೈಟಿಗೆ ಹಾಕಿದ ಹಾಗೆಯೇ ಲೇಬರ್ ಶೆಡ್ಡುಗಳಿಗೂ ಬಂದು ಹೇಳಿ, ಮೇ ತಿಂಗಳಲ್ಲೇ ಹೇಳಿ. ಊರಿಂದ ಕಾಗದ ತರಿಸಲು ನಮಗೆ ಅಷ್ಟು ದಿನ ಬೇಕೇ ಬೇಕು. ಎಲ್ಲರಿಗೂ ನನ್ನ ಕಾಕಾನಂಥ ಕಾಕಾ ಇರುವುದಿಲ್ಲ.

ನಮ್ಮ ಶೆಡ್ಡಿನ ಸಾಲಿನಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರು ಇಬ್ಬರಿದ್ದಾರೆ. ಒಬ್ಬಳಿಗೆ ಫಿಟ್ಟರ್ ಬೇಕಂತೆ. ಸೈಬರ್ ಅಣ್ಣ ಭಾನುವಾರ ಸಂಜೆ ಕರೆದುಕೊಂಡು ಬಾ ಅಂದಿದ್ದಾನೆ.